ಯಂತ್ರ ಏಳದಿದ್ದರೆ ಬರಹ ಅಳಿಯಿತೆ?

ಕುಂದುರ್ಪಿ, ಕಲ್ಯಾಣದುರ್ಗ, ಹಿಂದೂಪುರಗಳ ಕಡೆ, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂದು ಬಾಳುವ ನಮ್ಮವರಲ್ಲಿ ಕೆಲವರು ‘ನುಡಿ’ಯಲ್ಲಿ ಅಚ್ಚುಮಾಡಿದ ಬರಹಗಳನ್ನು ಹಳೆಯ ಕಂಪ್ಯೂಟರಿನಲ್ಲಿಯೇ ಉಳಿಸಿಕೊಂಡಿರಬಹುದು. ಅಂತಹ ಯಂತ್ರ ಒಂದು ದಿನ ಕಪ್ಪು ಪರದೆಯ ಮೇಲೆ ‘ಆಪರೇಟಿಂಗ್ ಸಿಸ್ಟಂ ಇಲ್ಲ’ ಎಂಬರ್ಥದ ಸಾಲನ್ನು ತೋರಿ ನಿಂತರೆ ಎದೆಗುಂದಬೇಕಾಗಿಲ್ಲ. ಕೂಡಲೇ ಫಾರ್ಮ್ಯಾಟ್ ಮಾಡಿಸುವುದಂತೂ ಸಲ್ಲದು.

ಗುಂಡಿ ಒತ್ತಿದೊಡನೆ ಯಂತ್ರಕ್ಕೆ ತಿಳಿದಿರುವುದು ಅತ್ಯಲ್ಪ. ಒಳಗಿನ ಚಿಪ್ಪಿನಲ್ಲಿರುವ ಬಯೋಸ್ ಎಂಬ ಕಿರು ಆದೇಶಮಾಲೆ ಅಂಗಾಂಗಗಳನ್ನು ಪರೀಕ್ಷಿಸಿ, ಡಿಸ್ಕಿನ ಮೊದಲ 512 ಬೈಟುಗಳನ್ನು ಓದುತ್ತದೆ. ಐಬಿಎಂ ಕಂಪೆನಿಯ ಯಂತ್ರಗಳಲ್ಲಿ 1983ರಲ್ಲಿ ಬಂದ ಏರ್ಪಾಡಿನಂತೆ, ಅದರೊಳಗೆ 64 ಬೈಟುಗಳ ಪಟ್ಟಿಯೊಂದಿದೆ. ನಮ್ಮ ಹೊಲಗಳ ಅಡಂಗಲ್ಲಿನಂತೆಯೇ ಎನ್ನಿ: ಡಿಸ್ಕಿನ ನಾಲ್ಕು ಪಾಲುಗಳು ಎಲ್ಲಿ ತೊಡಗುತ್ತವೆ, ಎಷ್ಟು ದೊಡ್ಡವು ಎಂಬ ಲೆಕ್ಕ ಅಲ್ಲಿರುತ್ತದೆ. ಒಂದು ಪಾಲಿಗೆ ಮಾತ್ರ ‘ಆಕ್ಟಿವ್’ ಎಂಬ ಗುರುತು. ಅದಕ್ಕೆ ಒಂದೇ ಬೈಟು ಸಾಕು. ಯಂತ್ರ ಆ ಪಾಲಿನ ಬಾಗಿಲನ್ನೇ ತಟ್ಟಿ ವಿಂಡೋಸನ್ನು ಎಬ್ಬಿಸುತ್ತದೆ.

ಈ ಗುರುತು ಅಳಿದರೆ, ಇಲ್ಲವೆ ಬರಹಗಳಷ್ಟೇ ಇರುವ ಪಾಲಿನ ಮೇಲೆ ಬಿದ್ದರೆ, ಯಂತ್ರ ಏಳದು. ಕಡತಗಳು ಮಾತ್ರ ಇದ್ದಲ್ಲೇ ಇರುತ್ತವೆ. (ಡಿಸ್ಕೇ ಸವೆದು ಕೆಟ್ಟಿದ್ದರೆ ಮಾತು ಬೇರೆ.) ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಮೊದಲು ಕಡತಗಳ ನಕಲು ತೆಗೆದಿಟ್ಟು, ಆಮೇಲೆ ಗುರುತನ್ನು ತಿದ್ದಿಸುವುದು ಲೇಸು.

ಯುಇಎಫ್‌ಐ ಪದ್ಧತಿಯ ಹೊಸ ಯಂತ್ರಗಳಿಗೆ ಈ ಗುರುತಿನ ಗೊಡವೆಯಿಲ್ಲ. ಎಬ್ಬಿಸುವ ಕಡತಗಳಿಗೆಂದೇ ಅವುಗಳಲ್ಲಿ ಪುಟ್ಟದೊಂದು ಪಾಲಿರುತ್ತದೆ. ಜಾಗ ಉಳಿಸಲೆಂದು ಅದನ್ನು ಅಳಿಸಿದವರಿಗೂ ಕಾಣುವುದು ಇಂತಹುದೇ ಪರದೆ.