ಪರದೇಶದ ಮನೆಗೆ ಕಂದಾಯ ತೆರುವವರು ಯಾರು?

ಮನೆಯನ್ನು ಕೊಳ್ಳುವುದು ಒಮ್ಮೆ. ಅದಕ್ಕೆ ಕಂದಾಯ ತೆರುವುದು ಪ್ರತಿ ವರ್ಷ. ನಮ್ಮ ಹಳೆಯ ಶಾಸನಗಳಲ್ಲಿ ಬರುವ ‘ಮನೆದೆರೆ’ ಎಂಬ ಮಾತು ಈ ಋಣ ಎಷ್ಟು ಪುರಾತನವಾದುದೆಂಬುದನ್ನು ತೋರಿಸುತ್ತದೆ. ಮನೆಯ ಒಡೆಯನೂ ಅದರೊಳಗೆ ವಾಸಿಸುವವನೂ ಒಬ್ಬನೇ ಆಗಿರುವಲ್ಲಿ, ಇದನ್ನು ತೆರಬೇಕಾದವರಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಆದರೆ ಇಂದು ಒಡೆಯನು ಒಂದು ದೇಶದಲ್ಲಿ, ಮನೆ ಇನ್ನೊಂದು ದೇಶದಲ್ಲಿ, ಬಾಡಿಗೆಯವನು ಮೂರನೆಯ ದೇಶದಿಂದ ಬಂದವನು, ಸಾಲ ಕೊಟ್ಟ ಬ್ಯಾಂಕು ಮತ್ತೆಲ್ಲಿಯೋ ಎಂಬಂತಹ ಪರಿಸ್ಥಿತಿ ಅಪೂರ್ವವೇನಲ್ಲ. ಭಾರತದ ನಿವಾಸಿಯೊಬ್ಬನು ರಿಸರ್ವ್ ಬ್ಯಾಂಕಿನ ನಿಯಮದಂತೆ ವರ್ಷಕ್ಕೆ 2,50,000 ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಿ, ಆ ಹಣದಿಂದ ಅಲ್ಲಿ ಮನೆಯನ್ನೂ ಕೊಳ್ಳಬಹುದು. ಹೀಗೆ ಕೊಂಡವರು ಬೆಲೆಯನ್ನು ಹತ್ತು ಸಲ ವಿಚಾರಿಸಿರುತ್ತಾರೆ. ವರ್ಷದ ಕಂದಾಯವನ್ನು ಮಾತ್ರ ಕಾಗದ ಬಂದ ಮೇಲೆ ವಿಚಾರಿಸತೊಡಗುತ್ತಾರೆ.

ಲೋಕದಲ್ಲಿ ಈ ವಿಷಯಕ್ಕೆ ಎರಡು ನ್ಯಾಯಗಳಿವೆ. ಒಂದು ಒಡೆತನದ ನ್ಯಾಯ, ಇನ್ನೊಂದು ವಾಸದ ನ್ಯಾಯ.

ಅಮೆರಿಕ ಮೊದಲನೆಯದಕ್ಕೆ ಉದಾಹರಣೆ. ಅಲ್ಲಿ ಕಂದಾಯವನ್ನು ವಿಧಿಸುವುದು ವಾಷಿಂಗ್ಟನ್ನಿನ ಸರ್ಕಾರವಲ್ಲ. ಕೌಂಟಿ, ನಗರ, ಶಾಲಾ ಜಿಲ್ಲೆ ಮೊದಲಾದ ಸ್ಥಳೀಯ ಸಂಸ್ಥೆಗಳು. ಒಡೆಯನು ಆ ದೇಶದ ಪ್ರಜೆಯೇ ಅಲ್ಲವೇ ಎಂದು ಅವು ಕೇಳುವುದಿಲ್ಲ. ಮನೆ ಸಾಲದ ಮೇಲಿದ್ದರೆ ಬ್ಯಾಂಕು ಅನೇಕ ವೇಳೆ ತಿಂಗಳ ಕಂತಿನ ಜೊತೆಗೇ ಕಂದಾಯದ ಪಾಲನ್ನೂ ವಸೂಲು ಮಾಡಿ ತಾನೇ ಕಟ್ಟುತ್ತದೆ. ಕಟ್ಟುವ ಕೈ ಬ್ಯಾಂಕಿನದು, ಹೊರೆ ಒಡೆಯನದು. ಬಾಡಿಗೆಯಲ್ಲಿ ಈ ಹೊರೆಯ ಒಂದಂಶ ಬಾಡಿಗೆಯವನ ಮೇಲೂ ಬೀಳುವುದುಂಟು. ಆದರೂ ಕಾನೂನಿನ ಮುಂದೆ ಉತ್ತರ ಹೇಳಬೇಕಾದವನು ಒಡೆಯನೇ.

ಬ್ರಿಟನ್ನು ಬಹುಮಟ್ಟಿಗೆ ಎರಡನೆಯ ನ್ಯಾಯವನ್ನು ಅನುಸರಿಸುತ್ತದೆ. ಅಲ್ಲಿಯ ಕೌನ್ಸಿಲ್ ತೆರಿಗೆ 1993ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಮುಂಚೆ ತಲೆಗಿಷ್ಟೆಂದು ವಿಧಿಸಿದ್ದ ತೆರಿಗೆಯ ವಿರುದ್ಧ 1990ರಲ್ಲಿ ಲಂಡನ್ನಿನ ಬೀದಿಗಳಲ್ಲಿ ಗಲಭೆಯೇ ನಡೆದಿತ್ತು. ಈಗಿನ ಕ್ರಮದಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ವಾಸಿಸುವವನು, ಅವನು ಬಾಡಿಗೆಯವನಾದರೂ ಸರಿ, ತೆರಿಗೆ ಕೊಡುತ್ತಾನೆ. ಮನೆಯಲ್ಲಿ ಯಾರೂ ವಾಸವಿಲ್ಲದಿದ್ದರೆ ಹೊಣೆ ಒಡೆಯನಿಗೆ ಮರಳುತ್ತದೆ. ಬೆಂಗಳೂರಿನಲ್ಲಿದ್ದುಕೊಂಡು ಲಂಡನ್ನಿನಲ್ಲಿ ಮನೆ ಕೊಂಡವನು ಬಾಡಿಗೆಯವನಿರುವವರೆಗೆ ನಿಶ್ಚಿಂತನಾಗಿರಬಹುದು. ಬಾಡಿಗೆಯವನು ಬಿಟ್ಟುಹೋದ ದಿನದಿಂದ ಅವನ ಹೆಸರಿಗೆ ಬಿಲ್ಲು ಬರುತ್ತದೆ.

ಫ್ರಾನ್ಸಿನಲ್ಲಿ ಎರಡು ನ್ಯಾಯಗಳೂ ಬಹುಕಾಲ ಒಟ್ಟಿಗೆ ನಡೆದುವು. ನೆಲ ಮತ್ತು ಕಟ್ಟಡದ ತೆರಿಗೆಯನ್ನು ಒಡೆಯನು ಕೊಡುತ್ತಿದ್ದನು. ವಾಸದ ತೆರಿಗೆಯನ್ನು ವಾಸಿಸುವವನು ಕೊಡುತ್ತಿದ್ದನು. 2023ರಿಂದ ಮುಖ್ಯ ವಾಸದ ಮನೆಗೆ ವಾಸದ ತೆರಿಗೆ ಇಲ್ಲವಾಗಿದೆ. ಎರಡನೆಯ ಮನೆಗೆ ಉಳಿದಿದೆ. ಪರದೇಶದಲ್ಲಿದ್ದು ಅಲ್ಲಿ ರಜೆಯ ಮನೆ ಇಟ್ಟುಕೊಂಡವನು, ಆದುದರಿಂದ, ಎರಡನ್ನೂ ತೆರುತ್ತಾನೆ. ಜನವರಿ 1ರಂದು ಒಡೆಯನಾಗಿದ್ದವನೇ ವರ್ಷವಿಡೀ ನೆಲದ ತೆರಿಗೆಗೆ ಹೊಣೆ. ಫೆಬ್ರವರಿಯಲ್ಲಿ ಮನೆ ಕೈಬದಲಾದರೆ ಮಾರಿದವನೂ ಕೊಂಡವನೂ ಕ್ರಯದ ಸಮಯದಲ್ಲಿ ಒಡೆತನದ ಅವಧಿಯ ಲೆಕ್ಕದಿಂದ ಹಂಚಿಕೊಳ್ಳುವುದು ಅಲ್ಲಿಯ ವಾಡಿಕೆ.

ಸ್ಪೇನಿನಲ್ಲಿಯೂ ಜನವರಿ 1ರ ಲೆಕ್ಕವೇ. ಅಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಡಿಗೆಗೆ ಕೊಡದೆ ಮನೆಯನ್ನು ತನಗಾಗಿಯೇ ಇಟ್ಟುಕೊಂಡ ಪರದೇಶಿ ಒಡೆಯನಿಗೆ ಅದರಿಂದ ಆದಾಯ ಬಂದಂತೆಯೇ ಎಂದು ಕಲ್ಪಿಸಿ ಆದಾಯ ತೆರಿಗೆ ಹಾಕುತ್ತಾರೆ. ಸರ್ಕಾರಿ ದಾಖಲೆಯ ಮೌಲ್ಯ 1,00,000 ಯೂರೋ ಎಂದಿಟ್ಟುಕೊಳ್ಳೋಣ. ಶೇಕಡ 1.1ರಂತೆ ಕಲ್ಪಿತ ಆದಾಯ 1,100 ಯೂರೋ. ಭಾರತದ ನಿವಾಸಿಗೆ ಅದರ ಶೇಕಡ 24, ಎಂದರೆ 264 ಯೂರೋ ತೆರಿಗೆ. ಪುರಸಭೆಯ ಕಂದಾಯ ಇದಕ್ಕೆ ಹೊರತು.

ಕಂದಾಯವನ್ನು ಮರೆತರೆ ಏನಾಗುತ್ತದೆ? ಅಮೆರಿಕದ ಮಿನೆಸೋಟ ಸಂಸ್ಥಾನದ ಹೆನ್ನಪಿನ್ ಕೌಂಟಿಯಲ್ಲಿ ವೃದ್ಧೆಯೊಬ್ಬಳು ತನ್ನ ಮನೆಯನ್ನು ಬಿಟ್ಟು ಬೇರೆಡೆ ವಾಸಕ್ಕೆ ಹೋದಳು. ಬಾಕಿ ನಿಂತ ಕಂದಾಯ ಬಡ್ಡಿ ದಂಡಗಳೊಡನೆ ಸುಮಾರು 15,000 ಡಾಲರಿಗೆ ಬೆಳೆಯಿತು. ಕೌಂಟಿ ಆ ಮನೆಯನ್ನು 40,000 ಡಾಲರಿಗೆ ಮಾರಿ, ಉಳಿದ ಹಣವನ್ನೂ ತಾನೇ ಇಟ್ಟುಕೊಂಡಿತು. ಬಾಕಿಗಿಂತ ಹೆಚ್ಚನ್ನು ಸರ್ಕಾರ ನುಂಗಲಾಗದೆಂದು 2023ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪಿತ್ತಿತು. ಹೆಚ್ಚಿನ ಹಣಕ್ಕೆ ಹಕ್ಕು ದೊರೆಯಿತು, ಮನೆ ಮರಳಲಿಲ್ಲ. ಅದೇ ದೇಶದಲ್ಲಿದ್ದವಳಿಗೇ ಹೀಗಾದರೆ ಏಳು ಸಮುದ್ರಗಳಾಚೆಯ ಒಡೆಯನು ಎಷ್ಟು ಎಚ್ಚರವಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ನಮ್ಮವರಲ್ಲಿ ಒಂದು ಭ್ರಮೆಯಿದೆ: ಎರಡು ದೇಶಗಳ ನಡುವಣ ತೆರಿಗೆ ಒಪ್ಪಂದವು ಈ ಹೊರೆಯನ್ನು ಇಳಿಸುತ್ತದೆಂಬುದು. ಬ್ರಿಟನ್ನು ಮತ್ತು ಅಮೆರಿಕದೊಡನೆ ಭಾರತ ಮಾಡಿಕೊಂಡಿರುವ ಒಪ್ಪಂದಗಳು ಆದಾಯದ ಮೇಲಣ ತೆರಿಗೆಗೆ ಸಂಬಂಧಿಸಿದುವು; ಸ್ಥಳೀಯ ಸಂಸ್ಥೆಯ ಮನೆಗಂದಾಯ ಅವುಗಳ ವ್ಯಾಪ್ತಿಗೆ ಸೇರದು. ಅಲ್ಲಿಯ ಬಾಡಿಗೆಗೆ ಭಾರತದ ನಿವಾಸಿ ಇಲ್ಲಿಯೂ ಲೆಕ್ಕ ಕೊಡಬೇಕು. ಆ ಮನೆಯನ್ನು ಆದಾಯ ತೆರಿಗೆಯ ವಿವರಪತ್ರದಲ್ಲಿ ತೋರಿಸದಿದ್ದರೆ 2015ರ ಕಪ್ಪುಹಣದ ಕಾಯಿದೆಯಂತೆ 10 ಲಕ್ಷ ರೂಪಾಯಿ ದಂಡ ಬೀಳಬಹುದು.

ಇದೆಲ್ಲ ಲೆಕ್ಕದ ಮಾತಾಯಿತು. ಇದರ ಹಿಂದೆ ಬೇರೊಂದು ವಿಚಾರವಿದೆ. ವೇಲ್ಸಿನ ಕಡಲತೀರದ ಹಳ್ಳಿಗಳಲ್ಲಿ ಹೊರಗಿನವರು ರಜೆಗಾಗಿ ಮನೆ ಕೊಂಡು ಬೆಲೆ ಏರಿ, ಊರ ಮಕ್ಕಳಿಗೆ ಮನೆ ಸಿಕ್ಕದಂತಾಯಿತು. ಚಳಿಗಾಲದಲ್ಲಿ ದೀಪವಿಲ್ಲದ ಕಿಟಕಿಗಳ ಊರಿನಲ್ಲಿ ಅಂಗಡಿಯೂ ಶಾಲೆಯೂ ವೇಲ್ಸ್ ಭಾಷೆಯೂ ಉಳಿಯುವುದು ಕಷ್ಟ. 2023ರ ಏಪ್ರಿಲಿನಿಂದ ಅಲ್ಲಿಯ ಕೌನ್ಸಿಲುಗಳು ಎರಡನೆಯ ಮನೆಗೆ ಶೇಕಡ 300ರವರೆಗೆ ಹೆಚ್ಚುವರಿ ತೆರಿಗೆ ಹಾಕಬಹುದಾಗಿದೆ. ಇಂಗ್ಲೆಂಡಿನಲ್ಲಿ 2025ರ ಏಪ್ರಿಲಿನಿಂದ ಶೇಕಡ 100ರವರೆಗೆ. ಇಲ್ಲಿ ತೆರಿಗೆ ಬೀಳುವುದು ಮನೆಯ ಮೇಲೆಂಬುದಕ್ಕಿಂತ ಒಡೆಯನ ಗೈರುಹಾಜರಿಯ ಮೇಲೆಂದರೆ ತಪ್ಪಾಗದು.

ದೂರದ ಒಡೆಯನಿಗೂ ಒಂದು ದೂರು ಇದೆ. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲವೆಂದು ಕೂಗಿಯೇ ಅಮೆರಿಕದ ವಸಾಹತುಗಳು ಇಂಗ್ಲೆಂಡಿನಿಂದ ಸಿಡಿದುವು. ಇಂದು ಟೆಕ್ಸಾಸಿನಲ್ಲಿ ಮನೆಯುಳ್ಳ ಮೈಸೂರಿನವನು ಅಲ್ಲಿಯ ಶಾಲೆಗೆ ಹಣ ಕೊಡುತ್ತಾನೆ; ಅದರ ಆಡಳಿತವನ್ನು ಆರಿಸುವ ಮತ ಅವನಿಗಿಲ್ಲ. ಬ್ರಿಟನ್ನಿನಲ್ಲಿ ವಾಸಿಸುವ ಭಾರತದ ಪ್ರಜೆಗೆ ಕಾಮನ್‌ವೆಲ್ತಿನವನೆಂಬ ಕಾರಣದಿಂದ ಮತವುಂಟು. ಮನೆ ಮಾತ್ರ ಅಲ್ಲಿದ್ದು ತಾನು ಇಲ್ಲಿರುವವನಿಗೆ ಇಲ್ಲ. ಮತ ವಾಸವನ್ನು ಹಿಂಬಾಲಿಸುತ್ತದೆ, ಕಂದಾಯ ನೆಲವನ್ನು ಹಿಂಬಾಲಿಸುತ್ತದೆ. ಇದು ಅನ್ಯಾಯವೇ? ಅಲ್ಲವೆಂದು ನಮ್ಮ ಅಭಿಪ್ರಾಯ. ಬೆಂಕಿ ಬಿದ್ದರೆ ನೀರಿನ ಗಾಡಿ ಒಡೆಯನಿಲ್ಲದ ಮನೆಗೂ ಬರುತ್ತದೆ. ರಸ್ತೆಯೂ ಚರಂಡಿಯೂ ಅದರ ಬೆಲೆಯನ್ನು ಕಾಯುತ್ತವೆ. ಆ ಉಪಕಾರಕ್ಕೆ ಪ್ರತಿಫಲವನ್ನು ಕೇಳಬಹುದು. ಮತವಿಲ್ಲದವನನ್ನು ಹಿಂಡುವುದು ಸುಲಭವೆಂದು ಮಿತಿಮೀರಿ ಕೇಳಬಾರದು.

ಈ ತಕ್ಕಡಿಯ ಇನ್ನೊಂದು ತಟ್ಟೆ ನಮ್ಮ ಮನೆಯ ಮುಂದೆಯೇ ಇದೆ. ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ ಎಷ್ಟೋ ಕನ್ನಡಿಗರ ಮನೆಗಳು ಬೆಂಗಳೂರಿನಲ್ಲಿವೆ. ಒಡೆಯನು ಎಲ್ಲಿದ್ದರೂ ಅವುಗಳ ಕಂದಾಯವನ್ನು ತಾನೇ ಘೋಷಿಸಿ ಕಟ್ಟಬೇಕು. ಅವನು ಬೇರೆ ದೇಶದ ಪೌರತ್ವ ಪಡೆದಿದ್ದರೆ ಇಲ್ಲಿ ಅವನಿಗೂ ಮತವಿಲ್ಲ. ಹೊರಗಿನ ಊರು ನಮ್ಮಿಂದ ನ್ಯಾಯವಾಗಿ ಕೇಳುವುದನ್ನೇ ನಮ್ಮ ಊರೂ ಅವರಿಂದ ಕೇಳುತ್ತದೆ. ಮನೆ ಕೊಳ್ಳುವವರು ಕ್ರಯಪತ್ರಕ್ಕೆ ರುಜು ಹಾಕುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ: ಹಿಂದಿನ ಬಾಕಿ ಏನಾದರೂ ಇದೆಯೇ, ಈ ವರ್ಷದ ಹೊಣೆ ಯಾರದು, ಮನೆ ಖಾಲಿ ನಿಂತರೆ ಎಷ್ಟು ಹೆಚ್ಚುತ್ತದೆ? ನಾಲ್ಕನೆಯ ಪ್ರಶ್ನೆಯನ್ನು ಯಾವ ಕಚೇರಿಯೂ ಕೇಳುವುದಿಲ್ಲ: ನಾನು ಕೊಳ್ಳುತ್ತಿರುವ ಈ ಸೂರಿನ ಕೆಳಗೆ ಯಾರಾದರೂ ಬಾಳುವರೇ? ಮನೆದೆರೆ ಕೊಟ್ಟ ಮಾತ್ರಕ್ಕೆ ಆ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ.