ಕನ್ನಡ ಒಡೆಯೋದಾದ್ರೆ ಮೊದಲು ಮನೇಲೇ ಒಡೀಲಿ!

"ಲೋಕಲ್‌ಹೋಸ್ಟ್ ಅನ್ನೋದು ಪ್ರೋಗ್ರಾಮರ್‌ಗಳ ಉಸಾಬರಿ, ಬರೆಯೋ ನಮಗ್ಯಾಕೆ ಸ್ವಾಮಿ?" ಅನ್ನೋ ಮಿತ್ರರು ಬಹಳ ಜನ ಇದ್ದಾರೆ. ನಾನೂ ಹಾಗೇ ಅಂದವನೇ. ಈಗ ಹೇಳ್ತೀನಿ, ಅದು ಶುದ್ಧ ಸೋಮಾರಿತನ ಕಣ್ರೀ.

1974ರಲ್ಲಿ ಕಬಿನಿ ಅಣೆಕಟ್ಟು ಮುಗೀತು. ಹಿನ್ನೀರಲ್ಲಿ ಮುಳುಗಿದ ಊರುಗಳ ಬಗ್ಗೆ ಅಂತರಸಂತೆಯ ನಮ್ಮಜ್ಜಿ ಹೇಳಿದ್ದನ್ನೆಲ್ಲ ಟೈಪ್ ಮಾಡಿ ನನ್ನ ತಾಣಕ್ಕೆ ಹಾಕಿದ್ದೆ. ಒಂದು ರಾತ್ರಿ ತಾಣವನ್ನ ಬೇರೆ ಸರ್ವರ್‌ಗೆ ಸಾಗಿಸಿ, ಹಳೇ ಖಾತೆ ಮುಚ್ಚಿಬಿಟ್ಟೆ. ಬೆಳಗ್ಗೆ ನೋಡಿದ್ರೆ ಸಾಲು ಸಾಲು "?????" ತಪ್ಪು ನನ್ನದೇ. ಆದ್ರೆ ಮತ್ತೆ ಕೇಳಿ ಬರೆದುಕೊಳ್ಳೋಕೆ ಅಜ್ಜಿ ಇಲ್ಲ...

ಅಕ್ಷರದ ಬದಲು ಚೌಕ ಕಂಡ್ರೆ ಹೆದರಬೇಡಿ, ಫಾಂಟ್ ಇಲ್ಲ ಅಷ್ಟೆ. ಆದ್ರೆ ಡೇಟಾಬೇಸ್ ಒಳಗೇ ಪ್ರಶ್ನಾರ್ಥಕ ಚಿಹ್ನೆ ಕೂತಿದ್ರೆ ಮುಗೀತು, ಮೂಲ ಅಕ್ಷರ ಹೋಯ್ತು ಅಂತಲೇ ಅರ್ಥ. 2018ರ 8.0 ಆವೃತ್ತಿಗೆ ಮುಂಚೆ ಮೈಎಸ್‌ಕ್ಯೂಎಲ್ ತಾನಾಗಿ ಆರಿಸಿಕೊಳ್ತಿದ್ದದ್ದು ಲ್ಯಾಟಿನ್1 ಲಿಪಿಸಂಕೇತ. ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಇಂಗ್ಲಿಷ್ ಬರೆಯೋರಿಗೆ ಈ ಗುಂಡಿ ಕಾಣೋದೇ ಇಲ್ಲ, ಅವರ ಅಕ್ಷರ ಎರಡರಲ್ಲೂ ಒಂದೇ. ಬೀಳೋರು ನಾವು, ಹಾಗಾಗಿ ನೋಡಿಕೊಳ್ಳಬೇಕಾದವರೂ ನಾವೇ.

ಇನ್ನೊಂದು ನೋಡಿ. ವರ್ಡ್‌ಪ್ರೆಸ್‌ನಲ್ಲಿ ಲೇಖನದ ವಿಳಾಸಕ್ಕೆ ಇರೋ ಜಾಗ 200 ಅಕ್ಷರ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಯೂ ಅಲ್ಲಿ 9 ಅಕ್ಷರ ಆಗುತ್ತೆ. "ಅಂತರಸಂತೆ" ಅನ್ನೋದೊಂದೇ 72 ತಿನ್ನುತ್ತೆ! ಉದ್ದದ ತಲೆಬರಹ ಕೊಟ್ರೆ ವಿಳಾಸದ ಬಾಲ ಕತ್ತರಿಸಿಹೋಗುತ್ತೆ. ಇಂಗ್ಲಿಷ್‌ನಲ್ಲಿ "ಟೆಸ್ಟ್" ಅಂತ ಟೈಪ್ ಮಾಡಿ ನೋಡಿದವರಿಗೆ ಇದು ಹೇಗೆ ಗೊತ್ತಾಗ್ಬೇಕು?

ಕೆಲಸ ಏನು ಮಹಾ ಅಲ್ಲ. ಝಾಂಪ್ ಇಳಿಸಿಕೊಂಡು ಅಪಾಚೆ, ಮೈಎಸ್‌ಕ್ಯೂಎಲ್ ಎರಡನ್ನೂ ಚಾಲೂ ಮಾಡಿ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಡೇಟಾಬೇಸ್ ಮಾಡುವಾಗ ಯುಟಿಎಫ್8ಎಂಬಿ4 ಇರೋ ಕೊಲೇಶನ್ ಆರಿಸಿ. ವರ್ಡ್‌ಪ್ರೆಸ್ ಕಡತಗಳನ್ನ ಎಚ್‌ಟಿಡಾಕ್ಸ್ ಒಳಗೆ ಹಾಕಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ತೆರೆಯಿರಿ. ಕೋಡ್ ಬರೆಯೋದೇನೂ ಇಲ್ಲ. ಒಮ್ಮೆ ಇಳಿಸಿಕೊಂಡ ಮೇಲೆ ನೆಟ್ ಇಲ್ಲದಿದ್ರೂ ನಡೆಯುತ್ತೆ. ನಿಮ್ಮ ತಾಣದ ಡೇಟಾಬೇಸ್ ಪ್ರತಿಯನ್ನ ಅಲ್ಲಿಗೆ ತುಂಬಿ, ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿ ಇದೆಯಾ ಓದಿ. ಆಮೇಲೆ ಮಾತ್ರ ಅಸಲಿ ತಾಣ ಮುಟ್ಟಿ.

"ಉಚಿತ ತಾಣದಲ್ಲಿ ಬರೀತೀನಿ, ನನಗೇನು ಬಾಧೆ?" ಅಂತೀರಾ? 2009ರಲ್ಲಿ ಯಾಹೂ ಜಿಯೋಸಿಟೀಸ್ ಮುಚ್ಚಿತು. ತಮ್ಮದೊಂದು ಪ್ರತಿ ಇಟ್ಟುಕೊಂಡವರ ಕೈಲಿ ಬರಹ ಉಳೀತು.

ಯುನಿಕೋಡ್ ಬೇಕು ಅಂತ ಇಷ್ಟು ವರ್ಷ ಜಗಳ ಆಡಿದ್ದು ನಾವೇ. ಅದನ್ನ ಕಾಪಾಡೋಕೆ ಒಂದು ಭಾನುವಾರದ ಮಧ್ಯಾಹ್ನ ಕೊಡೋಕಾಗಲ್ವಾ? ಇವತ್ತೇ ಒಂದು ಪ್ರತಿ ಇಳಿಸಿಕೊಳ್ಳಿ. ಅಜ್ಜಿ ಇನ್ನೂ ಇದ್ರೆ, ಇನ್ನೂ ಬೇಗ.