ಪ್ರಮಾಣಪತ್ರ ಬೇಕು, ಕೊಟ್ಟವನು ಬೇಡ

ಅಮೋಘವರ್ಷ ನೃಪತುಂಗನ ಪಾಠ ಬಂದಾಗಲೆಲ್ಲ ನಮ್ಮ ಮೇಷ್ಟ್ರುಗಳು ಒಂದು ಸಾಲನ್ನು ತಪ್ಪದೆ ಹೇಳಿಕೊಡುತ್ತಾರೆ: ಅರಬ್ ಪ್ರವಾಸಿ ಸುಲೇಮಾನನು ಈತನನ್ನು ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬನೆಂದು ಹೊಗಳಿದ. ರಾಜ್ಯೋತ್ಸವದ ಭಾಷಣದಲ್ಲೂ ಈ ಸಾಲಿಗೆ ಚಪ್ಪಾಳೆ ಗ್ಯಾರಂಟಿ. ಅದೇ ಭಾಷಣಕಾರ ಮರುವಾರ ಇನ್ನೊಂದು ವೇದಿಕೆ ಹತ್ತಿ, ಮುಸಲ್ಮಾನರು ಕನ್ನಡನಾಡು ಕಂಡದ್ದೇ ಮಲಿಕ್ ಕಾಫರನ ಕತ್ತಿಯ ಬೆನ್ನಿಗೆ ಎನ್ನುತ್ತಾನೆ. ಹೊಗಳಿಕೆ ಬರೆದದ್ದು 851ರಲ್ಲಿ, ಕಾಫರ್ ದ್ವಾರಸಮುದ್ರಕ್ಕೆ ಬಂದದ್ದು 1310-11ರಲ್ಲಿ. ನಡುವಿನ ನಾಲ್ಕೂವರೆ ಶತಮಾನವನ್ನು ಯಾರು ನುಂಗಿದರು?

851, ಅಂದರೆ ಹಿಜರಿ 237. ಆ ವರ್ಷ ಅರಬ್ಬಿಯಲ್ಲಿ ಸಿದ್ಧವಾದ ಪುಸ್ತಕದ ಹೆಸರು 'ಅಖ್ಬಾರ್ ಅಸ್ಸೀನ್ ವಲ್ ಹಿಂದ್', ಚೀನಾ ಮತ್ತು ಹಿಂದ್ ದೇಶಗಳ ವರ್ತಮಾನ. ಅದು ಒಬ್ಬ ಸುಲೇಮಾನನ ಪ್ರವಾಸಕಥನವೂ ಅಲ್ಲ. ಪರ್ಶಿಯನ್ ಕೊಲ್ಲಿಯಿಂದ ಚೀನಾದವರೆಗೆ ಹಡಗು ನಡೆಸುತ್ತಿದ್ದ ವರ್ತಕರು, ನಾವಿಕರು ಕಂಡು ಕೇಳಿದ್ದರ ಸಂಗ್ರಹ; ಸುಲೇಮಾನ ಅವರಲ್ಲೊಬ್ಬ. ನಾಲ್ವರು ಅರಸರೆಂದರೆ ಅರಬರ ದೊರೆ, ಚೀನಾದ ದೊರೆ, ರೋಮಿನ ದೊರೆ, ನಾಲ್ಕನೆಯವನು 'ಬಲ್‌ಹರಾ'. ನಮ್ಮ ವಲ್ಲಭರಾಜನೇ ಆ ನಾಲಿಗೆಯಲ್ಲಿ ಹಾಗಾದ. ಇಲ್ಲಿಯವರೆಗೆ ಪಠ್ಯಪುಸ್ತಕ ನಮ್ಮ ಜೊತೆ ಬರುತ್ತದೆ. ಮುಂದಿನ ಮಾತಿಗೆ ಕೈಬಿಡುತ್ತದೆ. ಹಿಂದ್‌ನ ಅರಸರಲ್ಲಿ ಈ ಬಲ್‌ಹರಾನಷ್ಟು ಅರಬರನ್ನು ಪ್ರೀತಿಸುವವರು ಬೇರೆ ಇಲ್ಲ, ಅವನ ಪ್ರಜೆಗಳೂ ಹಾಗೆಯೇ ಎಂದು ಆ ಪುಸ್ತಕ ಹೇಳುತ್ತದೆ. ಆ ಅರಸರು ದೀರ್ಘಕಾಲ ಆಳುವುದಕ್ಕೆ ಈ ಪ್ರೀತಿಯೇ ಕಾರಣವೆಂದು ಆ ನಾಡಿನ ಜನ ನಂಬುತ್ತಾರಂತೆ! ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದೆವು, ಸಹಿ ಹಾಕಿದವನನ್ನು ಹೊಸ್ತಿಲಲ್ಲೇ ನಿಲ್ಲಿಸಿದೆವು.

ಈ ಪ್ರೀತಿಯನ್ನು ತೀರಾ ಭಾವುಕವಾಗಿ ನೋಡಬೇಕಿಲ್ಲ. ರಾಷ್ಟ್ರಕೂಟರಿಗೂ ಅರಬರಿಗೂ ಗುರ್ಜರ ಪ್ರತೀಹಾರರು ಸಮಾನ ವೈರಿಗಳು; ಬಂದರುಗಳ ಲಾಭವೂ ಇತ್ತು. ಆದರೆ ಅದು ಬರೀ ವ್ಯಾಪಾರವಾಗಿಯೇ ಉಳಿಯಲಿಲ್ಲ. ಅಮೋಘವರ್ಷನ ಮಗ ಎರಡನೆಯ ಕೃಷ್ಣ ಸಂಜಾನ್ ಪ್ರಾಂತ್ಯವನ್ನು ಆಳಲು ನೇಮಿಸಿದ್ದು ಮಧುಮತಿ ಎಂಬ 'ತಾಜಿಕ'ನನ್ನು. ತಾಜಿಕ ಎಂದರೆ ಅರಬ, ಮಧುಮತಿ ಎಂದರೆ ಮುಹಮ್ಮದ್. 926ರ ಚಿಂಚಣಿ ತಾಮ್ರಪಟ ಹೇಳುವುದನ್ನು ಗಮನಿಸಿ: ಈ ಅರಬ ಅಧಿಕಾರಿ ಬ್ರಾಹ್ಮಣರ ಮಠವೊಂದಕ್ಕೆ, ಅಲ್ಲಿನ ದೇವಿಯ ನೈವೇದ್ಯಕ್ಕೆ ದತ್ತಿ ಬಿಡುತ್ತಾನೆ. ಯಾವ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಮಧುಮತಿಯ ಹೆಸರು ಬಂದಿದೆ?

ಈ ಮಾತು ಕೊಪ್ಪಳದವರಿಗೆ ಸಂಬಂಧಿಸಿದ್ದು. ಅದೇ ಸುಮಾರು 850ರ ಹೊತ್ತಿಗೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡದ ತಿರುಳು ಇರುವ ನಾಲ್ಕು ಊರುಗಳನ್ನು ಹೆಸರಿಸಿತು. ಪಟ್ಟದಕಲ್ಲು, ಲಕ್ಷ್ಮೇಶ್ವರ, ಒಕ್ಕುಂದದ ಜೊತೆ ನಮ್ಮ ಕೊಪಣ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಂಪತ್ತು ಎಂದದ್ದೂ ಅದೇ ಗ್ರಂಥ. ಆಗ ಈ ಊರಿನ ಗುಡ್ಡಗಳು ಜೈನ ಮುನಿಗಳ ನೆಲೆ. ಇಂದು 'ತಿರುಳ್ಗನ್ನಡ ನಾಡು' ಎಂದು ಎದೆಯುಬ್ಬಿಸುವ ನಾವು ಆ ಜೈನರ ನೆನಪನ್ನೂ ಕಲ್ಲಿಗೆ ಬಿಟ್ಟು ಕೈತೊಳೆದುಕೊಂಡಿದ್ದೇವೆ.

ನಮ್ಮ ಸಮುದಾಯದ ಕೆಲವರಿಗೂ ಒಂದು ಮಾತು ಹೇಳಬೇಕು. ಒಂಬತ್ತನೆಯ ಶತಮಾನ ಎಂದೊಡನೆ ಇವರಿಗೆ ಬಾಗ್ದಾದಿನ ಸುವರ್ಣಯುಗವಷ್ಟೇ ಕಾಣುತ್ತದೆ. ಆ ಹೊತ್ತಿಗೆ ಖಲೀಫ ಮುತವಕ್ಕಿಲ್ ಸಾಮರ್ರಾದಲ್ಲಿ ಕುಳಿತಿದ್ದ. ಕ್ರೈಸ್ತರು, ಯಹೂದಿಗಳು ಜೇನುಬಣ್ಣದ ಬಟ್ಟೆ ತೊಟ್ಟೇ ಓಡಾಡಬೇಕೆಂದು 850ರಲ್ಲಿ ಆಜ್ಞೆ ಹೊರಡಿಸಿದವನು ಅವನೇ. ಹಿಜರಿ 236ರಲ್ಲಿ, ಅಂದರೆ 850-51ರಲ್ಲಿ, ಕರ್ಬಲಾದ ಇಮಾಮ್ ಹುಸೇನರ ಸಮಾಧಿಯನ್ನು ಕೆಡವಿಸಿ ನೆಲಸಮ ಮಾಡಿಸಿದವನೂ ಅವನೇ. ಆಚೆ ಕಾರ್ಡೋಬಾದಲ್ಲಿ 851ರಲ್ಲಿ ಪ್ರವಾದಿಯವರನ್ನು ಬಹಿರಂಗವಾಗಿ ನಿಂದಿಸಿದ ಕ್ರೈಸ್ತ ಸನ್ಯಾಸಿಗಳ ತಲೆ ಉರುಳಿತು. ಖಲೀಫನೊಬ್ಬ ಅಳಿಸಹೊರಟ ಹುಸೇನರ ಹೆಸರು ಇಂದು ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಲ್ಲಿ ಮೊಹರಂ ಪದವಾಗಿ ಬದುಕಿದೆ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಲಿಂಗಾಯತರು, ಕುರುಬರು, ದಲಿತರು ಇದ್ದಾರೆ. ಇದನ್ನೂ 'ಅನಾಚಾರ' ಎಂದು ನಿಲ್ಲಿಸಹೊರಟ ನಮ್ಮ ಶುದ್ಧೀಕರಣದವರು ತಾವು ಯಾರ ಹಾದಿ ಹಿಡಿದಿದ್ದೇವೆಂದು ಯೋಚಿಸಲಿ.

ಗಂಗಾವತಿಯ ಕಡೆ ಕುಮ್ಮಟದುರ್ಗದ ಕಥೆಯೂ ಹೀಗೇ ಅರ್ಧ ಕತ್ತರಿಸಿದ್ದು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನ ಸೈನ್ಯ ಕಂಪಿಲಿಯ ರಾಜ್ಯವನ್ನು ಮುರಿಯಿತು, ನಿಜ. ಏಕೆ ಬಂತು ಸೈನ್ಯ? ಸುಲ್ತಾನನ ವಿರುದ್ಧ ದಂಗೆಯೆದ್ದ ಸಗರದ ಅಧಿಕಾರಿ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟಿದ್ದ. ಮರೆಹೊಕ್ಕ ಮುಸಲ್ಮಾನನನ್ನು ಒಪ್ಪಿಸಲಾರದೆ ಅರಸ ಪ್ರಾಣ ಕೊಟ್ಟ. ಇದನ್ನು ಮೆಚ್ಚಿ ಬರೆದಿಟ್ಟವನು ಇಬ್ನ್ ಬತೂತ. ಗಂಡುಗಲಿ ಕುಮಾರರಾಮನ ಹೆಸರಿನಲ್ಲಿ ಮೆರವಣಿಗೆ ತೆಗೆಯುವವರು ಅವನ ತಂದೆಯ ಈ ದೊಡ್ಡತನವನ್ನೇ ಮುಚ್ಚಿಡುತ್ತಾರಲ್ಲ!

"ನೀವು ಎಲ್ಲಿಂದ ಬಂದವರು?" ಎಂದು ಜಿಲ್ಲೆಯ ಮುಸ್ಲಿಂ ಹುಡುಗರಿಗೆ ಕೇಳುವುದು ಈಗ ಮಾಮೂಲಿ. ಮಸ್ಕಿಯ ಬಳಿಕ ಅಶೋಕನ ಶಾಸನ ಸಿಕ್ಕಿದ್ದು ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ. ಕೇಳುವವರು ಅವನ್ನು ಅಚ್ಚು ಹಾಕಿಸಿದ್ದು ಯಾರೆಂದೂ ಸ್ವಲ್ಪ ವಿಚಾರಿಸಲಿ. ಕೊಪ್ಪಳ ಆಗ ನಿಜಾಮ್ ಸಂಸ್ಥಾನದೊಳಗೆ ಸಾಲಾರ್‌ಜಂಗರ ಜಾಗೀರು. ಹೈದರಾಬಾದಿನ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರು ಗುಲಾಂ ಯಜ್ದಾನಿ. 1932ರಲ್ಲಿ ಅಶೋಕನ ಆ ಶಾಸನಗಳ ಪುಸ್ತಕ ಹೊರಬಂದದ್ದೂ, 1935ರಲ್ಲಿ ಸಿ.ಆರ್. ಕೃಷ್ಣಮಾಚಾರ್ಲು ಸಂಪಾದಿಸಿದ ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕ ಹೊರಬಂದದ್ದೂ ಅದೇ ಇಲಾಖೆಯ ಮಾಲೆಯಲ್ಲಿ. ಕೊಪಣದ ಜೈನ ಮುನಿಗಳ ಹೆಸರು ಇಂದು ನಮಗೆ ಗೊತ್ತಿರುವುದು ಆ ಪುಸ್ತಕದಿಂದ.